ಒಂದು ಉಲ್ಲೇಖದ ತೂಕ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಯಂತ್ರಗಳ ಸದ್ದಿನ ನಡುವೆ ಬದುಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದಿನಕ್ಕೆ ಎಷ್ಟು ಬಿಡಿಭಾಗ ತಯಾರಾಯಿತು ಎಂಬುದು ಒಂದು ಲೆಕ್ಕ. ಆ ಬಿಡಿಭಾಗ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಕೂತು ಕೆಲಸ ಮಾಡಿತೇ ಎಂಬುದು ಬೇರೆಯೇ ಲೆಕ್ಕ. ವಿಜ್ಞಾನಿಗಳ ಸಾಧನೆಯನ್ನು ಅಳೆಯುವಲ್ಲಿಯೂ ಇಂಥ ಎರಡು ಲೆಕ್ಕಗಳಿವೆ. ಎಷ್ಟು ಸಂಶೋಧನಾ ಪ್ರಬಂಧ ಪ್ರಕಟಿಸಿದರು ಎಂಬುದು ಮೊದಲನೆಯದು. ಅವುಗಳನ್ನು ಬೇರೆ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬುದು ಎರಡನೆಯದು.

ಉಲ್ಲೇಖಗಳನ್ನು ಎಣಿಸುವ ಪದ್ಧತಿ ಬಹಳ ಹಳೆಯದೇನಲ್ಲ. ವಿಜ್ಞಾನ ಪ್ರಬಂಧಗಳಿಗೆ ಉಲ್ಲೇಖ ಸೂಚಿಯೊಂದು ಬೇಕೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೂಚಿಸಿದರು. 1960ರ ದಶಕದಲ್ಲಿ ಅದು ಪ್ರಕಟವಾಗತೊಡಗಿತು. ಒಂದು ವಿಚಾರ ಯಾವ ಪ್ರಬಂಧದಿಂದ ಯಾವ ಪ್ರಬಂಧಕ್ಕೆ ಸಾಗಿತು ಎಂದು ಹುಡುಕಲು ನೆರವಾಗುವುದೇ ಅದರ ಉದ್ದೇಶ. ಕ್ರಮೇಣ ಈ ದಾರಿದೀಪವೇ ಅಳತೆಗೋಲಾಯಿತು. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ 'ಎಚ್ ಸೂಚ್ಯಂಕ'ವನ್ನು ಮುಂದಿಟ್ಟರು. ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಹತ್ತು. ನೇಮಕ, ಬಡ್ತಿ, ಅನುದಾನಗಳ ವಿಷಯದಲ್ಲಿ ಇಂಥ ಅಂಕಿಗಳು ಮಾತನಾಡತೊಡಗಿದವು.

ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದಕ್ಕೆ ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಅವರ ಒಂದು ಪ್ರಬಂಧದ ಕಥೆ ಉತ್ತಮ ನಿದರ್ಶನ.

1938ರಲ್ಲಿ ಜನಿಸಿದ ವಿಶ್ವೇಶ್ವರ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ತೆರಳಿದರು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. 'ಕಪ್ಪು ಕುಳಿ' ಎಂಬ ಹೆಸರೇ ಆಗಿನ್ನೂ ಬಳಕೆಗೆ ಬರುತ್ತಿದ್ದ ಕಾಲ. ಅಂಥ ಕಾಯ ನಿಜಕ್ಕೂ ಇದೆಯೇ ಎಂಬ ಅನುಮಾನ ಹಲವರಲ್ಲಿತ್ತು. ಇದ್ದರೂ, ಸ್ವಲ್ಪ ಅಲುಗಿಸಿದರೆ ಅದು ಉಳಿದೀತೇ? ಉಳಿಯುತ್ತದೆ ಎಂದು ವಿಶ್ವೇಶ್ವರ ಗಣಿತದ ಮೂಲಕ ತೋರಿಸಿದರು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ, ಕಪ್ಪು ಕುಳಿಯ ಮೇಲೆ ಗುರುತ್ವ ತರಂಗಗಳು ಬಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು.

ಎರಕದ ಲೋಹವನ್ನು ಸುತ್ತಿಗೆಯಿಂದ ತಟ್ಟಿ, ನಾದ ಕೇಳಿಯೇ ಬಿರುಕಿದೆಯೇ ಎಂದು ಹೇಳಬಲ್ಲ ಕುಶಲಕರ್ಮಿಗಳಿದ್ದಾರೆ. ಇದೂ ಹಾಗೆಯೇ. ಅಲುಗಿದ ಕಪ್ಪು ಕುಳಿ ಬಡಿದ ಗಂಟೆಯಂತೆ ಕಂಪಿಸುತ್ತದೆ; ಆ ಕಂಪನ ಬಹುಬೇಗ ಕ್ಷೀಣಿಸಿ ನಿಲ್ಲುತ್ತದೆ. ಬಡಿದದ್ದು ಹೇಗೆ ಎಂಬುದಲ್ಲ, ಕುಳಿಯ ಸ್ವರೂಪವೇ ಅದರ 'ಶ್ರುತಿ'ಯನ್ನು ನಿರ್ಧರಿಸುತ್ತದೆ. ಶ್ರುತಿ ತಿಳಿದರೆ ಕುಳಿಯ ದ್ರವ್ಯರಾಶಿಯನ್ನು ತಿಳಿಯಬಹುದು.

ಆದರೆ ಆ ನಾದವನ್ನು ಕೇಳಬಲ್ಲ ಉಪಕರಣ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಸೈದ್ಧಾಂತಿಕ ವಿಜ್ಞಾನಿಗಳು ಮಾತ್ರ ಈ ವಿಚಾರವನ್ನು ಬೆಳೆಸಿದರು. 1971ರಲ್ಲಿ ವಿಲಿಯಂ ಪ್ರೆಸ್, 1975ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ ಅದನ್ನು ಮುಂದಕ್ಕೆ ಒಯ್ದರು. ವಿಶ್ವೇಶ್ವರ ಭಾರತಕ್ಕೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬಳಿಕ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ ದುಡಿದರು. 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಅಲ್ಲಿ ಆಕಾಶ ನೋಡಿ ಬೆರಗಾದ ಶಾಲಾ ಮಕ್ಕಳ ಲೆಕ್ಕ ಯಾವ ಉಲ್ಲೇಖ ಸೂಚಿಗೂ ಸೇರುವುದಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ನೇರವಾಗಿ ಗುರುತಿಸಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪು ಕುಳಿಗಳು ಕೂಡಿ 62 ಪಟ್ಟಿನ ಒಂದು ಕುಳಿಯಾಗಿತ್ತು. ಉಳಿದ ಮೂರು ಪಟ್ಟು ತರಂಗಗಳ ಶಕ್ತಿಯಾಗಿ ಹೊರಬಿದ್ದಿತ್ತು. ಆ ಸಂಕೇತದ ಕೊನೆಯಲ್ಲಿದ್ದ, ಕ್ಷೀಣಿಸುತ್ತ ಹೋದ ಕಂಪನ ಸಿದ್ಧಾಂತದ ನಿರೀಕ್ಷೆಗೆ ಹೊಂದುತ್ತಿತ್ತು. 2016ರ ಫೆಬ್ರುವರಿ 11ರಂದು ಹೊರಬಂದ, ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಹೆಸರಿದ್ದ ಪ್ರಬಂಧದ ಪೀಠಿಕೆಯಲ್ಲೇ ವಿಶ್ವೇಶ್ವರ ಅವರ 1970ರ ಪ್ರಬಂಧದ ಉಲ್ಲೇಖವಿದೆ.

ಎಣಿಕೆಯಲ್ಲಿ ಅದು ಕೇವಲ 'ಒಂದು'. ಮರ್ಯಾದೆಗೆಂದು ಸೇರಿಸಿದ ಉಲ್ಲೇಖವೂ 'ಒಂದೇ', ತಪ್ಪನ್ನು ತೋರಿಸಲು ಮಾಡಿದ ಉಲ್ಲೇಖವೂ 'ಒಂದೇ'. ಕಾಲದ ಅಳತೆಯೂ ಹಾಗೆಯೇ. ಪತ್ರಿಕೆಗಳ ಪ್ರಭಾವವನ್ನು ಅಳೆಯುವ ಪ್ರಸಿದ್ಧ ಸೂತ್ರ ಹಿಂದಿನ ಎರಡು ವರ್ಷಗಳ ಪ್ರಬಂಧಗಳನ್ನಷ್ಟೇ ಪರಿಗಣಿಸುತ್ತದೆ. ಈ ಪ್ರಬಂಧ ಪ್ರತ್ಯಕ್ಷ ಸಾಕ್ಷ್ಯಕ್ಕೆ ಕಾದದ್ದು 45 ವರ್ಷ. ಪತ್ರಿಕೆಯ ಅಂಕಿಯಿಂದ ಸಂಶೋಧಕನನ್ನು ಅಳೆಯಬಾರದು ಎಂಬ ಘೋಷಣೆಯೊಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡದ್ದು ಇಂಥ ಕಾರಣಗಳಿಂದಲೇ.

ಹಾಗೆಂದು ಉಲ್ಲೇಖ ಸೂಚಿ ನಿರುಪಯುಕ್ತವಲ್ಲ. 2016ರ ಪ್ರಬಂಧ ಹಿಡಿದ ವಿದ್ಯಾರ್ಥಿಯನ್ನು 1970ಕ್ಕೆ ಕರೆದೊಯ್ಯುವ ದಾರ ಅದೇ. ತೊಡಕಾಗುವುದು, ದಾರವನ್ನು ತಕ್ಕಡಿಯೆಂದು ಭಾವಿಸಿದಾಗ. ಅಂಕಿಗಾಗಿ ಬರೆಯಬೇಕಾದ ಯುವ ಸಂಶೋಧಕ, ಅರ್ಧ ಶತಮಾನ ಕಾಯಬೇಕಾದ ಪ್ರಶ್ನೆಯನ್ನು ಏಕೆ ಆರಿಸಿಕೊಂಡಾನು?

ವಿಶ್ವೇಶ್ವರ 2017ರ ಜನವರಿಯಲ್ಲಿ ನಿಧನರಾದರು. ತಾವು ಲೆಕ್ಕ ಹಾಕಿದ್ದ ನಾದ ಕೇಳಿಬಂದಿತೆಂಬ ಸುದ್ದಿ ಅವರನ್ನು ತಲುಪಿ ಆಗಿನ್ನೂ ಹನ್ನೊಂದು ತಿಂಗಳಾಗಿತ್ತು.