ಮುಪ್ಪಿಗೆ ಮುನ್ನವೇ ಸಿದ್ಧತೆ: ಮಂಡ್ಯ ಜಿಲ್ಲೆಯ ಕುಟುಂಬಗಳಿಗೆ ಒಂದು ಕೈದೀವಿಗೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬದುಕು ಕಬ್ಬು ಮತ್ತು ಭತ್ತದ ಗದ್ದೆಗಳ ಸುತ್ತಲೇ ಬೆಳೆದು ಬಂದಿದೆ. ಅಂದು ಹತ್ತಾರು ಮಂದಿ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಮನೆಗಳಲ್ಲಿ ವೃದ್ಧರ ಆರೈಕೆಯೆಂಬುದು ಪ್ರತ್ಯೇಕ ವಿಷಯವೇ ಆಗಿರಲಿಲ್ಲ. ಇಂದು ಜಮೀನು ತಲೆಮಾರಿನಿಂದ ತಲೆಮಾರಿಗೆ ಹೋಳಾಗಿ ಎಕರೆಗಳಿಂದ ಗುಂಟೆಗಳಿಗೆ ಇಳಿದಿದೆ. ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ್ದಾರೆ. 2023ರಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿ ಊರನ್ನು ನಗರಕ್ಕೆ ಹತ್ತಿರ ಮಾಡಿದೆಯಾದರೂ ರಾತ್ರಿ ಎರಡು ಗಂಟೆಗೆ ತಂದೆಗೆ ಎದೆನೋವು ಬಂದಾಗ ಮನೆಯಲ್ಲಿರುವವರು ತಾಯಿಯೊಬ್ಬರೇ.

ಇನ್ನು ಕೆಲವು ಮನೆಗಳ ಸ್ಥಿತಿ ಬೇರೆ. ಬೇಸಾಯಗಾರನೆಂಬ ಕಾರಣಕ್ಕೇ ಹೆಣ್ಣು ಸಿಗದೆ ಉಳಿದ ಯುವಕರು 2023ರಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ನಡೆಸಿದ್ದು ನಾಡಿನ ಗಮನ ಸೆಳೆದಿತ್ತು. ಅಂತಹ ಮನೆಗಳಲ್ಲಿ ವಯಸ್ಸಾದ ತಾಯಿಯೇ ಇಂದಿಗೂ ಒಲೆ ಹಚ್ಚುತ್ತಾರೆ. ಆಕೆ ಹಾಸಿಗೆ ಹಿಡಿದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಿಟ್ಟವರು ವಿರಳ.

ಸಾಮಾನ್ಯವಾಗಿ ನಮ್ಮಲ್ಲಿ ಮುಪ್ಪಿನ ಬಗ್ಗೆ ಯೋಚನೆ ಆರಂಭವಾಗುವುದು ಹಿರಿಯರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ದಿನ. ಯಾವ ಆಸ್ಪತ್ರೆ, ಹಣ ಯಾರದು, ಆಸ್ಪತ್ರೆಯಲ್ಲಿ ಜೊತೆಗೆ ಯಾರು ನಿಲ್ಲಬೇಕು, ಮನೆಗೆ ಬಂದ ಮೇಲೆ ಯಾರ ಮನೆಯಲ್ಲಿ ಇರಬೇಕು ಎಂಬುದೆಲ್ಲವೂ ಒಂದೇ ರಾತ್ರಿಯಲ್ಲಿ ತೀರ್ಮಾನವಾಗಬೇಕಾಗುತ್ತದೆ. ಆತುರದಲ್ಲಿ ಆಡಿದ ಮಾತು ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ಉಳಿಯುತ್ತದೆ. ಇದೇ ಪ್ರಶ್ನೆಗಳನ್ನು ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಎತ್ತಿಕೊಂಡರೆ ನಿರ್ಧಾರ ಅವರದ್ದೇ ಆಗಿರುತ್ತದೆ. ಆ ಸಿದ್ಧತೆಯ ಮುಖ್ಯ ಅಂಶಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಮೊದಲ ಹೆಜ್ಜೆ: ಮಾತುಕತೆ

ಹಿರಿಯರ ಎದುರು ಅವರ ಮುಪ್ಪಿನ ಮಾತು ಎತ್ತುವುದು ಅಪಶಕುನವೆಂದು ಅನೇಕರು ಭಾವಿಸುತ್ತಾರೆ. ಆಸ್ತಿಯ ಮೇಲೆ ಕಣ್ಣಿಟ್ಟಿದ್ದಾರೆಂಬ ಅಪವಾದದ ಅಂಜಿಕೆಯೂ ಉಂಟು. ಆದುದರಿಂದ ಈ ಮಾತನ್ನು ಸಾಧ್ಯವಾದಷ್ಟೂ ಹಿರಿಯರೇ ಆರಂಭಿಸುವುದು ಲೇಸು. ಗಂಡುಮಕ್ಕಳು ಮಾತ್ರ ಕುಳಿತು ತೀರ್ಮಾನಿಸುವುದು ಸಲ್ಲದು. ಹೆಣ್ಣುಮಕ್ಕಳು ತವರಿಗೆ ಬರುವ ಗೌರಿ ಹಬ್ಬದಂತಹ ಸಂದರ್ಭ ಇದಕ್ಕೆ ತಕ್ಕುದು.

ಮಾತುಕತೆಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ನಡೆದಾಡಲು ಆಗದ ದಿನ ಬಂದರೆ ಹಿರಿಯರು ಎಲ್ಲಿರಲು ಬಯಸುತ್ತಾರೆ? ದಿನನಿತ್ಯದ ಆರೈಕೆ ಯಾರು ಮಾಡುತ್ತಾರೆ? ಅದರ ವೆಚ್ಚ ಹೇಗೆ ಹಂಚಿಕೆಯಾಗುತ್ತದೆ? ದಾಖಲೆಗಳು ಎಲ್ಲಿವೆ? ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ಯಾರು ಮಾತನಾಡಬೇಕು? ಆರೈಕೆಯ ಭಾರ ಬಹುತೇಕ ಬೀಳುವುದು ಸೊಸೆಯ ಮೇಲೆ. ಹೀಗಿರುವಾಗ ಆಕೆಯ ಅಭಿಪ್ರಾಯ ಕೇಳದೆ ಮಾಡಿದ ಏರ್ಪಾಡು ಹೆಚ್ಚು ದಿನ ಬಾಳದು. ಊರಲ್ಲಿ ಉಳಿದು ಸೇವೆ ಮಾಡುವವರಿಗೆ ನಗರದಲ್ಲಿರುವ ಮಕ್ಕಳು ತಿಂಗಳಿಗೆ ಇಷ್ಟೆಂದು ಹಣ ಕೊಡುವುದು, ವರ್ಷಕ್ಕೆ ಕೆಲವು ವಾರ ತಾವೇ ಬಂದು ನಿಂತು ಅವರಿಗೆ ಬಿಡುವು ಕೊಡುವುದು ನ್ಯಾಯವಾದ ಕ್ರಮ.

ಜಮೀನು ಮತ್ತು ದಾಖಲೆ

ಮಂಡ್ಯದ ಬಹುಪಾಲು ಕುಟುಂಬಗಳಲ್ಲಿ ಹಿರಿಯರ ಕೈಯಲ್ಲಿರುವ ಮುಖ್ಯ ಆಸ್ತಿ ಭೂಮಿ. ತಾತನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಬೆಳೆ ಸಾಲದಿಂದ ಹಿಡಿದು ಪರಿಹಾರದವರೆಗೆ ಎಲ್ಲದಕ್ಕೂ ತೊಡಕು. ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಸಲ್ಲಿಸುವ ಕಾರ್ಯವನ್ನು, ಸಂಬಂಧಗಳನ್ನು ಬಲ್ಲ ಹಿರಿಯರು ಇರುವಾಗಲೇ ಮುಗಿಸಿಕೊಳ್ಳಬೇಕು. ಜಂಟಿ ಖಾತೆಯಲ್ಲಿದ್ದರೆ ಪೋಡಿ ಮಾಡಿಸುವುದೂ ಅಗತ್ಯ.

ಆಸ್ತಿಯ ವಿಲೇವಾರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಇವುಗಳ ವ್ಯತ್ಯಾಸ ತಿಳಿಯದೆ ಸಹಿ ಹಾಕಿ ಪರಿತಪಿಸುವವರು ಅನೇಕ.

ಉಯಿಲು: ಬರೆದವರ ಮರಣಾನಂತರವಷ್ಟೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದಿನ ತಕರಾರು ತಗ್ಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದೇ ಹೊರತು ಇಡೀ ಆಸ್ತಿಗಲ್ಲ.

ದಾನಪತ್ರ: ನೋಂದಣಿಯಾದ ಕೂಡಲೇ ಒಡೆತನ ಕೈಬಿಡುತ್ತದೆ. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು.

ವಿಭಾಗ ಪತ್ರ: ಪಾಲುದಾರರೆಲ್ಲರೂ ಸೇರಿ ಮಾಡಿಕೊಳ್ಳುವಂಥದು. ತಂದೆತಾಯಿಯರ ಜೀವನಾಂಶಕ್ಕೆಂದು ಒಂದು ಭಾಗವನ್ನು ಅವರ ಹೆಸರಿನಲ್ಲೇ ಉಳಿಸಿಕೊಳ್ಳದೆ ಪಾಲು ಮಾಡುವುದು ವಿವೇಕವಲ್ಲ.

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆಯೂ ತಪ್ಪು ತಿಳಿವಳಿಕೆ ಹೆಚ್ಚು. ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, 2005ರ ತಿದ್ದುಪಡಿಯ ವೇಳೆಗೆ ತಂದೆ ಜೀವಂತವಾಗಿ ಇರಬೇಕಾದ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅರಿಶಿನ ಕುಂಕುಮ ಕೊಟ್ಟು ಕಳುಹಿಸಿದೆವು, ಇನ್ನೇನಿದೆ ಎಂಬ ವಾದಕ್ಕೆ ಕಾನೂನಿನಲ್ಲಿ ಸ್ಥಾನವಿಲ್ಲ. ಹಕ್ಕು ಸಮಾನವೆಂದಾದ ಮೇಲೆ ತಂದೆತಾಯಿಯರ ಪಾಲನೆಯ ಹೊಣೆಯೂ ಗಂಡು ಹೆಣ್ಣು ಮಕ್ಕಳಿಬ್ಬರದೂ ಆಗಿದೆ.

ಆಸ್ತಿ ಬರೆದುಕೊಡುವ ಮುನ್ನ ಒಂದು ಷರತ್ತು

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು ಪ್ರತಿಯೊಬ್ಬ ಹಿರಿಯರೂ ತಿಳಿದಿರಬೇಕಾದದ್ದು. ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರು ಆಸ್ತಿಯನ್ನು ವರ್ಗಾಯಿಸಿದ್ದು, ಪಡೆದವರು ಅದನ್ನು ಪಾಲಿಸದಿದ್ದಲ್ಲಿ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಆದರೆ ಅಂತಹ ಷರತ್ತು ಇದ್ದುದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಕಾಯ್ದೆಯ ಉದ್ದೇಶಕ್ಕೆ ಅನುಗುಣವಾಗಿ ಈ ಕಲಮನ್ನು ಉದಾರವಾಗಿ ಅರ್ಥೈಸಬೇಕೆಂದು ತಿಳಿಸಿ, ತಾಯಿ ಮಗನಿಗೆ ಕೊಟ್ಟ ದಾನಪತ್ರ ರದ್ದಾದುದನ್ನು ಎತ್ತಿಹಿಡಿಯಿತು.

ಇದರಿಂದ ಕಲಿಯಬೇಕಾದ ಪಾಠ ಸರಳ. ಬಾಯಿಮಾತಿನ ಭರವಸೆಯನ್ನು ನಂಬಿ ಬರೆದುಕೊಡಬಾರದು. ದಾನಪತ್ರವನ್ನೇ ಮಾಡುವುದಾದರೆ ಊಟ, ವಸತಿ, ಔಷಧೋಪಚಾರದ ಷರತ್ತನ್ನು ಅದರಲ್ಲಿಯೇ ಬರೆಸಬೇಕು. ವಾಸದ ಮನೆಯನ್ನು ಕೊನೆಯವರೆಗೂ ತಮ್ಮ ಹೆಸರಿನಲ್ಲಿಯೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಹಣಕಾಸು

ಕಬ್ಬು ಕಟಾವಿಗೆ ಬರಲು ವರ್ಷವೇ ಬೇಕು. ಕಾರ್ಖಾನೆಯಿಂದ ಹಣ ಕೈ ಸೇರುವುದು ಅದಕ್ಕೂ ತಡ. ಔಷಧದ ಅಂಗಡಿಯವರಾದರೋ ತಿಂಗಳು ತಿಂಗಳೂ ಹಣ ಕೇಳುತ್ತಾರೆ. ಆದುದರಿಂದ ತಿಂಗಳಿಗೆ ಇಷ್ಟೆಂದು ಬರುವ ಆದಾಯದ ಮೂಲವೊಂದು ಮುಪ್ಪಿಗೆ ಬೇಕೇ ಬೇಕು.

2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ 2 ಹೆಕ್ಟೇರ್‌ವರೆಗೆ ಜಮೀನುಳ್ಳ, 18ರಿಂದ 40 ವರ್ಷದೊಳಗಿನ ರೈತರು ಸೇರಬಹುದು. ವಯಸ್ಸಿಗೆ ಅನುಗುಣವಾಗಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಕೇಂದ್ರ ಸರ್ಕಾರವೂ ಅಷ್ಟೇ ಮೊತ್ತ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ ದೊರೆಯುತ್ತದೆ. 2015ರ ಅಟಲ್ ಪಿಂಚಣಿ ಯೋಜನೆಗೂ ವಯೋಮಿತಿ ಅಷ್ಟೇ. ಇದರಲ್ಲಿ 1,000ದಿಂದ 5,000 ರೂಪಾಯಿವರೆಗಿನ ಪಿಂಚಣಿಯನ್ನು ಆಯ್ಕೆ ಮಾಡಿಕೊಳ್ಳಬಹುದು. 40 ದಾಟಿದ ಮೇಲೆ ಈ ಎರಡೂ ಬಾಗಿಲುಗಳು ಮುಚ್ಚುತ್ತವೆ ಎಂಬುದನ್ನು ಮರೆಯಬಾರದು.

ಜಮೀನು ಮಾರಿದ ಅಥವಾ ಭೂಸ್ವಾಧೀನದಿಂದ ಬಂದ ಹಣವಿದ್ದರೆ, 60 ತುಂಬಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ರೂಪಾಯಿವರೆಗೆ ತೊಡಗಿಸಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈ ಸೇರುತ್ತದೆ. ಕಡಿಮೆ ಆದಾಯದ 65 ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು ಮೊದಲಾದವರಿಗೆ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಇದರ ಮಾಸಾಶನವನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಲಾಯಿತು. ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

ಬ್ಯಾಂಕ್ ಖಾತೆಗೆ ನಾಮನಿರ್ದೇಶನ ಮಾಡಿಸುವುದು, ದಂಪತಿಗಳ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಮಾಡಿಸುವುದು ಒಂದೇ ದಿನದ ಕೆಲಸ. ಠೇವಣಿ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು 2025ರ ನವೆಂಬರ್‌ನಿಂದ ಅವಕಾಶವಿದೆ. ನಾಮನಿರ್ದೇಶಿತರು ಹಣ ಪಡೆಯಲು ಅರ್ಹರೇ ಹೊರತು ಅದರ ಒಡೆಯರಲ್ಲ. ಒಡೆತನ ವಾರಸುದಾರರಿಗೆ ಸೇರುತ್ತದೆ.

ಆರೋಗ್ಯ

ರಕ್ತದೊತ್ತಡ ಮತ್ತು ಮಧುಮೇಹ ನೋವಿಲ್ಲದೆ ಒಳಗೊಳಗೇ ಹಾನಿ ಮಾಡುವ ಕಾಯಿಲೆಗಳು. 40ರ ನಂತರ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು. ಮಾತ್ರೆ ನುಂಗಿ ಒತ್ತಡ ಹತೋಟಿಗೆ ಬಂದಿತೆಂದು ಮಾತ್ರೆ ನಿಲ್ಲಿಸುವುದು ನಮ್ಮ ಊರುಗಳಲ್ಲಿ ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡುವ ಸಾಮಾನ್ಯ ತಪ್ಪು. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಕ್ಕೆಂದು ಅಲೆಯದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಪಯುಕ್ತವಾಗುವುದು ಸುಮಾರು ನಾಲ್ಕೂವರೆ ಗಂಟೆಯೊಳಗೆ ಮಾತ್ರ.

ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಕಿವಿ ಮಂದವಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ. ಕಿವಿ ಕೇಳದ ಹಿರಿಯರು ಮಾತಿನಿಂದ ದೂರ ಸರಿದು ಒಂಟಿಯಾಗುತ್ತಾರೆ. ಅದನ್ನು ವಯಸ್ಸಿನ ಧರ್ಮವೆಂದು ಬಿಟ್ಟುಬಿಡಬಾರದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ನಿಗದಿಯಾಯಿತು. ತುರ್ತಲ್ಲದ ಸಂದರ್ಭದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಬೇಕು. ಸಹಕಾರ ಸಂಘಗಳ ಸದಸ್ಯರಿಗೆ 2022ರಲ್ಲಿ ಮರುಜಾರಿಗೊಂಡ ಯಶಸ್ವಿನಿ ಯೋಜನೆಯುಂಟು. ಹಾಲಿನ ಡೇರಿಯ ಅಥವಾ ಕೃಷಿ ಪತ್ತಿನ ಸಂಘದ ಸದಸ್ಯರು ನೋಂದಣಿಯ ಅವಧಿ ಮೀರದಂತೆ ಎಚ್ಚರ ವಹಿಸಬೇಕು.

ಮರೆವು ಕೂಡ ಗಮನಿಸಬೇಕಾದ ಲಕ್ಷಣ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಸಹಜ. ಪರಿಚಿತ ದಾರಿಯಲ್ಲಿ ತಪ್ಪಿಹೋಗುವುದು, ಹಣದ ಲೆಕ್ಕ ತಿಳಿಯದಾಗುವುದು ಸಹಜವಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಬುದ್ಧಿ ಸ್ವಾಧೀನದಲ್ಲಿ ಇಲ್ಲದ ವೇಳೆ ಬರೆದ ಉಯಿಲು ನಿಲ್ಲುವುದಿಲ್ಲ. ದಾಖಲೆಗಳನ್ನು ಬೇಗ ಮಾಡಿಸಬೇಕೆನ್ನಲು ಇದೂ ಒಂದು ಕಾರಣ.

ಚೇತರಿಕೆಯ ಭರವಸೆ ಇಲ್ಲದ ಸ್ಥಿತಿಯಲ್ಲಿ ಕೃತಕ ಜೀವರಕ್ಷಕ ಸಾಧನಗಳು ಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಇದನ್ನು ಕಾರ್ಯಗತಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಮನೆಯ ಮಾರ್ಪಾಡು

ಮನೆ ಕಟ್ಟುವಾಗ ಅಥವಾ ದುರಸ್ತಿ ಮಾಡಿಸುವಾಗಲೇ ಬಚ್ಚಲಿಗೆ ಜಾರದ ನೆಲ, ಗೋಡೆಗೆ ಹಿಡಿಕಂಬಿ, ಕುರ್ಚಿಯಂತೆ ಕುಳಿತುಕೊಳ್ಳಬಹುದಾದ ಶೌಚಾಲಯ ಮಾಡಿಸುವುದು ಅಲ್ಪ ವೆಚ್ಚದ ಕೆಲಸ. ಹಿತ್ತಲಿನ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ರಾತ್ರಿ ದೀಪವಿರಲಿ. ಜಗಲಿಯ ಮೆಟ್ಟಿಲಿಗೆ ಕೈಗಂಬಿ ಇರಲಿ. ಹಿರಿಯರ ಕೋಣೆ ನೆಲಮಹಡಿಯಲ್ಲೇ ಇರಲಿ. ಎತ್ತರದ ಹೊಸಿಲು ಎಡವುವಂತಿದ್ದರೆ ಸಣ್ಣ ಇಳಿಜಾರು ಮಾಡಿಸಬಹುದು.

ಕಲಹ ಬಂದಲ್ಲಿ

ಮಕ್ಕಳು ಕಡೆಗಣಿಸಿದಾಗ 2007ರ ಕಾಯ್ದೆಯಡಿ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಇದರ ಮುಖ್ಯಸ್ಥರು ಉಪವಿಭಾಗಾಧಿಕಾರಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೂ, ಉಳಿದ ನಾಲ್ಕು ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೂ ಸೇರುತ್ತವೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು 90 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದಲೂ ಜೀವನಾಂಶ ಕೇಳಬಹುದು. ಸಲಹೆಗಾಗಿ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಯಾವ ವಯಸ್ಸಿಗೆ ಏನು?

40ರೊಳಗೆ: ಪಿಂಚಣಿ ಯೋಜನೆಗೆ ಸೇರುವುದು.
50ರ ವೇಳೆಗೆ: ಪಹಣಿ, ಪೌತಿ ಖಾತೆ, ಪೋಡಿ ಸರಿಪಡಿಸಿಕೊಳ್ಳುವುದು, ವಾರ್ಷಿಕ ತಪಾಸಣೆಯನ್ನು ರೂಢಿಸಿಕೊಳ್ಳುವುದು.
60ರ ವೇಳೆಗೆ: ಉಯಿಲು ನೋಂದಣಿ, ನಾಮನಿರ್ದೇಶನ, ಮನೆಯ ಮಾರ್ಪಾಡು, ಮಕ್ಕಳೆಲ್ಲರೊಂದಿಗೆ ಮಾತುಕತೆ.
70ರ ವೇಳೆಗೆ: ದಾಖಲೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಇಬ್ಬರಿಗೆ ತಿಳಿಸುವುದು, ಸೇವಿಸುವ ಮಾತ್ರೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದು, ಪ್ರತಿದಿನ ಬಂದು ವಿಚಾರಿಸುವ ನೆರೆಯವರೊಬ್ಬರನ್ನು ಗೊತ್ತು ಮಾಡಿಕೊಳ್ಳುವುದು.

ನಾಲೆಗೆ ನೀರು ಬಿಡುವ ಮುನ್ನವೇ ಬದು ಕಟ್ಟಿ ಕಾಲುವೆ ಸರಿಪಡಿಸಿಕೊಳ್ಳುವುದನ್ನು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮುಂದಾಲೋಚನೆಯನ್ನು ಮನೆಯ ಹಿರಿಯರ ವಿಷಯದಲ್ಲಿಯೂ ತೋರಿದರೆ, ಮುಪ್ಪು ಕುಟುಂಬವನ್ನು ಒಡೆಯುವ ಕಾರಣವಾಗದೆ ಎಲ್ಲರೂ ಹಂಚಿಕೊಂಡು ಹೊರಬಲ್ಲ ಹೊಣೆಯಾಗಿ ಉಳಿಯುತ್ತದೆ.