ಪೀಠಿಕೆಯಲ್ಲಿ ಹೆಸರಿಲ್ಲದ ರಾಜ್ಯ

1901ರ ಜನವರಿ 1ರಂದು ಆರು ಬ್ರಿಟಿಷ್ ವಸಾಹತುಗಳು ಸೇರಿ ಆಸ್ಟ್ರೇಲಿಯ ಒಕ್ಕೂಟವಾಯಿತು. ಆದರೆ ಅದರ ಸಂವಿಧಾನ ಶಾಸನದ ಪೀಠಿಕೆಯಲ್ಲಿರುವುದು ಐದೇ ಹೆಸರುಗಳು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ, ದಕ್ಷಿಣ ಆಸ್ಟ್ರೇಲಿಯ, ಕ್ವೀನ್ಸ್‌ಲೆಂಡ್, ಟಾಸ್ಮೇನಿಯಗಳ ಪ್ರಜೆಗಳು ಬೇರ್ಪಡಿಸಲಾಗದ ಒಕ್ಕೂಟವೊಂದಕ್ಕೆ ಸಮ್ಮತಿಸಿದ್ದಾರೆಂದು ಅದು ಹೇಳುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಹೆಸರು ಅಲ್ಲಿಲ್ಲ. 1900ರ ಜುಲೈ 9ರಂದು ಶಾಸನಕ್ಕೆ ವಿಕ್ಟೋರಿಯ ರಾಣಿಯ ಅಂಕಿತ ಬಿದ್ದಾಗ ಆ ವಸಾಹತಿನ ಜನಮತಗಣನೆಯೇ ಆಗಿರಲಿಲ್ಲ. ಅದು ನಡೆದದ್ದು ಜುಲೈ 31ರಂದು.

ಸೇರ್ಪಡೆಗೆ ಪಟ್ಟು ಹಿಡಿದವರು ಕಲ್ಗೂರ್ಲಿ ಸೀಮೆಯ ಚಿನ್ನದ ಗಣಿಗಳ ಜನ. ಪೂರ್ವದ ವಸಾಹತುಗಳಿಂದ ವಲಸೆ ಬಂದವರೇ ಅಲ್ಲಿ ಹೆಚ್ಚು. ಪರ್ತ್ ಸರಕಾರ ಒಪ್ಪದಿದ್ದರೆ ತಾವೇ ಪ್ರತ್ಯೇಕ ವಸಾಹತಾಗಿ ಒಕ್ಕೂಟವನ್ನು ಸೇರುವುದಾಗಿ ಅವರು ರಾಣಿಗೆ ಮನವಿ ಸಲ್ಲಿಸಿದ್ದರು. ಒಡೆಯುವ ಬೆದರಿಕೆಯಿಂದಲೇ ಕೂಡಿಕೆಯೊಂದು ಸಾಧ್ಯವಾದದ್ದು ಗಮನಾರ್ಹ.

ರೈತರ ಅನುಮಾನ ನಿರಾಧಾರವಾಗಿರಲಿಲ್ಲ. ಸಂವಿಧಾನದ 95ನೆಯ ವಿಧಿಯು ಅಂತರ್‌ರಾಜ್ಯ ಸರಕಿನ ಮೇಲೆ ಸುಂಕ ವಿಧಿಸಲು ಆ ರಾಜ್ಯಕ್ಕೆ ಐದು ವರ್ಷಗಳ ಅವಕಾಶವನ್ನಷ್ಟೇ ಕೊಟ್ಟಿತ್ತು. ಅದೂ ವರ್ಷವರ್ಷಕ್ಕೆ ಇಳಿಯಬೇಕಿತ್ತು. ಒಕ್ಕೂಟದ ಆಮದು ಸುಂಕ ಮೆಲ್ಬರ್ನ್, ಸಿಡ್ನಿಗಳ ಕಾರ್ಖಾನೆಗಳನ್ನು ಪೋಷಿಸಿತು. ಪಶ್ಚಿಮದ ರೈತನಾದರೋ ಗೋಧಿಯನ್ನು ಲೋಕದ ಮಾರುಕಟ್ಟೆಯ ದರಕ್ಕೆ ಮಾರಿ, ನೇಗಿಲು ಯಂತ್ರಗಳನ್ನು ಸುಂಕದಿಂದ ಏರಿದ ಬೆಲೆಗೆ ಕೊಳ್ಳಬೇಕಾಯಿತು. 1917ರಲ್ಲಿ ರೈಲುಮಾರ್ಗ ಖಂಡದ ಎರಡು ಅಂಚುಗಳನ್ನು ಬೆಸೆಯಿತೇ ಹೊರತು ಈ ಲೆಕ್ಕವನ್ನು ಸರಿಪಡಿಸಲಿಲ್ಲ. ಗೋಧಿಯ ಬೆಲೆ ಕುಸಿದ ಮಹಾ ಆರ್ಥಿಕ ಮುಗ್ಗಟ್ಟು ಹಳೆಯ ಗಾಯವನ್ನು ಕೆದಕಿತಷ್ಟೆ. 1933ರ ಬೇರ್ಪಡೆಯ ಕೂಗನ್ನು ಆ ಮುಗ್ಗಟ್ಟಿನ ಕೂಸೆಂದು ಮಾತ್ರ ಕಾಣುವುದು ಸಾಲದು.

ಆ ವರ್ಷದ ಏಪ್ರಿಲ್ 8ರಂದು 1,38,653 ಮಂದಿ ಬೇರ್ಪಡೆಗೂ 70,706 ಮಂದಿ ಅದರ ವಿರುದ್ಧವೂ ಮತವಿತ್ತರು. ಗಣಿಸೀಮೆ ಈ ಸಲವೂ ಒಕ್ಕೂಟದ ಪರ ನಿಂತಿತು. ವಿಚಿತ್ರವೆಂದರೆ, ಅದೇ ದಿನದ ಚುನಾವಣೆಯಲ್ಲಿ ಬೇರ್ಪಡೆಯ ಪರವಾಗಿದ್ದ ಜೇಮ್ಸ್ ಮಿಚೆಲ್ ಸರಕಾರ ಸೋತು, ಅದನ್ನು ವಿರೋಧಿಸಿದ್ದ ಲೇಬರ್ ಪಕ್ಷದ ಫಿಲಿಪ್ ಕಾಲಿಯರ್ ಅಧಿಕಾರಕ್ಕೆ ಬಂದರು. ತಮಗೆ ಸಮ್ಮತವಲ್ಲದ ಮನವಿಯನ್ನು ಲಂಡನ್ನಿಗೆ ಕಳುಹಿಸುವ ಹೊಣೆ ಅವರದಾಯಿತು. 1935ರಲ್ಲಿ ಬ್ರಿಟಿಷ್ ಸಂಸತ್ತಿನ ಉಭಯ ಸದನಗಳ ಜಂಟಿ ಸಮಿತಿಯು, ಆಸ್ಟ್ರೇಲಿಯ ಒಕ್ಕೂಟವೇ ಕೋರದೆ ಇಂಥ ಮನವಿ ಸ್ವೀಕಾರಾರ್ಹವಲ್ಲವೆಂದು ತೀರ್ಮಾನಿಸಿತು. ಮನವಿಯ ಗುಣಾವಗುಣಗಳ ವಿಚಾರಣೆಯೇ ನಡೆಯಲಿಲ್ಲ. ಅಷ್ಟರಲ್ಲಿ, 1933ರಲ್ಲೇ, ಹಿಂದುಳಿದ ರಾಜ್ಯಗಳಿಗೆ ಕೊಡಬೇಕಾದ ನೆರವನ್ನು ಪರಿಶೀಲಿಸಲು ಒಕ್ಕೂಟ ಸರಕಾರವು ಅನುದಾನ ಆಯೋಗವೊಂದನ್ನು ಸ್ಥಾಪಿಸಿತ್ತು. ಪಶ್ಚಿಮ ಆಸ್ಟ್ರೇಲಿಯದ ದೂರಿಗೆ ದೊರೆತ ನಿಜವಾದ ಉತ್ತರ ಅದೇ.