ಲಂಕೆಯ ಬಾಗಿಲಲ್ಲಿ ಎರಡು ಜಿಬಿ

ವಾರಾಣಸಿಯ ದಕ್ಷಿಣಕ್ಕೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರಿಗಿರುವ ಪೇಟೆಯ ಹೆಸರು ಲಂಕಾ. ತುಳಸೀದಾಸರ ಕಾಲದಿಂದ ಬಂದ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗ ಆಡುತ್ತಿದ್ದ ಜಾಗವಾದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದರ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿಂದೀಚೆಗೆ ಲಂಕೆ ಬೆಳೆದದ್ದು ವಿದ್ಯಾರ್ಥಿಗಳ ಪೇಟೆಯಾಗಿ. ಪುಸ್ತಕ, ಜೆರಾಕ್ಸ್, ಚಹಾ, ಔಷಧಿ, ರಿಪೇರಿ, ಎಲ್ಲವೂ ಅವರ ಜೇಬನ್ನು ನೋಡಿಕೊಂಡೇ ನಡೆಯುವ ವ್ಯಾಪಾರ.

ಆ ಜೇಬಿಗೆ ಎಟುಕದಿದ್ದ ವಸ್ತುವೊಂದು 2013ರಲ್ಲಿ ಸರ್ಕಾರದಿಂದಲೇ ಬಂತು. ಹಿಂದಿನ ವರ್ಷದ ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ಅಖಿಲೇಶ್ ಯಾದವ್ ಅವರ ಸರ್ಕಾರ ಹನ್ನೆರಡನೇ ತರಗತಿ ಪಾಸಾದವರಿಗೆ ಲ್ಯಾಪ್‌ಟಾಪ್ ಹಂಚತೊಡಗಿತು. ರಾಜ್ಯದಾದ್ಯಂತ ಸುಮಾರು 15 ಲಕ್ಷ ಯಂತ್ರಗಳು. ತೆರೆದರೆ ಪರದೆಯ ಮೇಲೆ ಮುಲಾಯಂ ಸಿಂಗ್ ಮತ್ತು ಅಖಿಲೇಶರ ಚಿತ್ರ. ಒಳಗೆ 500 ಜಿಬಿ ಹಾರ್ಡ್ ಡಿಸ್ಕ್, 2 ಜಿಬಿ ಮೆಮೊರಿ. ಎಷ್ಟೋ ಮನೆಗಳಲ್ಲಿ ಅದೇ ಮೊದಲ ಕಂಪ್ಯೂಟರ್.

ಎರಡು ಜಿಬಿ ಆಗ ಕೆಲಸಕ್ಕೆ ಸಾಕಾಗುತ್ತಿತ್ತು. ಆದರೆ ಬ್ರೌಸರ್‌ಗಳು ವರ್ಷದಿಂದ ವರ್ಷಕ್ಕೆ ಭಾರವಾದವು. ಮೆಮೊರಿ ತುಂಬಿದಾಗ ಯಂತ್ರ ಕೆಲಸದ ಒಂದಿಷ್ಟು ಭಾಗವನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ. ಅದು ಸಾವಿರಾರು ಪಟ್ಟು ನಿಧಾನ. ಹೊರಗಿನವರಿಗೆ ಲ್ಯಾಪ್‌ಟಾಪ್ ಮುದಿಯಾದಂತೆ ಕಾಣುತ್ತದೆ. ನಿಜದಲ್ಲಿ ಕೊರತೆ ಇರುವುದು ಒಂದೇ ಒಂದು ಬಿಡಿಭಾಗದಲ್ಲಿ.

ಆ ಬಿಡಿಭಾಗಕ್ಕೂ ಒಂದು ಇತಿಹಾಸವಿದೆ. ಒಂದು ಟ್ರಾನ್ಸಿಸ್ಟರಿನಲ್ಲಿ ಒಂದು ಬಿಟ್ ಹಿಡಿದಿಡುವ ವಿಧಾನಕ್ಕೆ ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್. ಆ 2 ಜಿಬಿ ತುಂಬಲು ಅಂಥ ಚಿಪ್ಪುಗಳು 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬೇಕು. ಮೊದಲು ಚಿಪ್ಪುಗಳನ್ನು ಒಂದೊಂದಾಗಿ ಬೋರ್ಡಿಗೆ ಕೂರಿಸಬೇಕಿತ್ತು. ಅವನ್ನು ಪುಟ್ಟ ಪಟ್ಟಿಯ ಮೇಲೆ ಜೋಡಿಸಿ, ಪಟ್ಟಿಯನ್ನೇ ಸಿಕ್ಕಿಸುವ ಪದ್ಧತಿ 1980ರ ದಶಕದಲ್ಲಿ ಬಂತು. ಲ್ಯಾಪ್‌ಟಾಪಿಗೆಂದು ಚಿಕ್ಕದಾದ ಪಟ್ಟಿಯೇ ಸೋ-ಡಿಮ್. ಅಳತೆ ಎಲ್ಲ ಕಂಪನಿಗಳಿಗೂ ಒಂದೇ ಆದದ್ದರಿಂದ ಯಾರು ಮಾಡಿದ್ದನ್ನಾದರೂ ಯಾರ ಯಂತ್ರಕ್ಕಾದರೂ ಹಾಕಬಹುದಾಯಿತು.

ಕೆಲಸ ಕಷ್ಟದ್ದಲ್ಲ. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಮೈಯ ಸ್ಥಿರವಿದ್ಯುತ್ ಇಳಿಯಲು ಲೋಹ ಮುಟ್ಟಬೇಕು. ಹಿಂಬದಿಯ ಮುಚ್ಚಳ ಬಿಚ್ಚಿ, ಪಟ್ಟಿಯ ಕಚ್ಚನ್ನು ಸ್ಲಾಟಿನ ಗುರುತಿಗೆ ಹೊಂದಿಸಿ, ಓರೆಯಾಗಿ ತೂರಿಸಿ ಒತ್ತಿದರೆ ಎರಡು ಬದಿಯ ಕೊಂಡಿಗಳು ಟಕ್ ಎಂದು ಹಿಡಿಯುತ್ತವೆ. ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260; ಕಚ್ಚಿನ ಜಾಗವೂ ಬೇರೆ. ಹೀಗಾಗಿ ಒಂದರ ಜಾಗಕ್ಕೆ ಇನ್ನೊಂದು ಕೂರುವುದೇ ಇಲ್ಲ. ಮರೆಯಬಾರದ ಇನ್ನೊಂದು ಸಂಗತಿ: 32 ಬಿಟ್ ವಿಂಡೋಸ್ 7 ಎಷ್ಟು ಹಾಕಿದರೂ 4 ಜಿಬಿ ದಾಟುವುದಿಲ್ಲ.

ಇಷ್ಟು ಸುಲಭವಾದದ್ದು ನಿಧಾನವಾಗಿ ಕೈತಪ್ಪಿತು. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆಯಲಾಗಿತ್ತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಅದೇ ದಾರಿ ಹಿಡಿಯಿತು. ಉಳಿದ ಕಂಪನಿಗಳ ತೆಳು ಲ್ಯಾಪ್‌ಟಾಪ್‌ಗಳೂ ಹಿಂಬಾಲಿಸಿದವು. ಕಾರಣಗಳು ಸುಳ್ಳಲ್ಲ: ಯಂತ್ರ ತೆಳುವಾಗುತ್ತದೆ, ವಿದ್ಯುತ್ ಉಳಿಯುತ್ತದೆ, ವೇಗ ಹೆಚ್ಚುತ್ತದೆ. ಆದರೆ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಎದುರುಗಾಳಿಯೂ ಬೀಸಿದೆ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ತೆಳು ಯಂತ್ರಕ್ಕೂ ಹೊಂದುವ, ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಕ್ಯಾಮ್2 ಎಂಬ ಮಾದರಿಗೆ 2023ರ ಕೊನೆಯಲ್ಲಿ ಜೆಡೆಕ್ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. 2024ರಲ್ಲಿ ಆ ಬಗೆಯ ಮೆಮೊರಿ ಲೆನೊವೊದ ಥಿಂಕ್‌ಪ್ಯಾಡ್ ಒಂದರಲ್ಲಿ ಬಂತು. ಆದರೆ ಅದು ದುಬಾರಿ ಯಂತ್ರ.

ಲಂಕೆಯ ವಿದ್ಯಾರ್ಥಿಗೆ ಇದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ದುಡ್ಡಿನ ಮಾತು. ಸ್ಲಾಟ್ ಇದ್ದರೆ ಇವತ್ತು ಕೈಲಾದಷ್ಟು ಕೊಟ್ಟು ಕೊಂಡು, ಎರಡು ವರ್ಷದ ನಂತರ ಸ್ಕಾಲರ್‌ಶಿಪ್ ಬಂದಾಗ ಮತ್ತಷ್ಟು ಸೇರಿಸಬಹುದು. ಬೆಸೆದಿದ್ದರೆ ನಾಲ್ಕು ವರ್ಷದ ಅಗತ್ಯವನ್ನು ಮೊದಲ ದಿನವೇ ಊಹಿಸಿ, ಅಷ್ಟಕ್ಕೂ ಆ ದಿನವೇ ದುಡ್ಡು ಕಟ್ಟಬೇಕು. ಉಳ್ಳವರು ಕಟ್ಟುತ್ತಾರೆ. ಸರ್ಕಾರದ ಲ್ಯಾಪ್‌ಟಾಪಿನಿಂದ ಓದು ಶುರುಮಾಡಿದವರಿಗೆ ಹಿಂಬದಿಯ ಆ ಪುಟ್ಟ ಮುಚ್ಚಳ ಎರಡನೇ ಕಂತಿನ ಅವಕಾಶವಾಗಿತ್ತು.